ಪೋರ್ಟ್ ವೈನ್: ಫುಲ್ ಬಾಟಲಿಯೋ, ಹಾಫ್ ಬಾಟಲಿಯೋ? ಕಲಬುರಗಿಯ ಬಿಸಿಲಿಗೆ ತಕ್ಕ ಲೆಕ್ಕ

ಅಕ್ಕನ ಮಗ ಪೋರ್ಚುಗಲ್‌ನಿಂದ ಊರಿಗೆ ಹೊರಟಿದ್ದ. ಪೋರ್ಟೊ ಪಟ್ಟಣದ ಅಂಗಡಿಯೊಂದರಲ್ಲಿ ನಿಂತು ವಿಡಿಯೋ ಕಾಲ್ ಮಾಡಿದ. ಬೆನ್ನ ಹಿಂದೆ ಕಪಾಟಿನ ತುಂಬ ಬಾಟಲಿ, ಒಂದೊಂದು ಒಂದೊಂದು ಅಳತೆಯದು. "ಮಾಮಾ, ದೊಡ್ಡ ಬಾಟ್ಲಿ ತರ್ಲೇನ್ರಿ, ಸಣ್ಣದು ತರ್ಲೇನ್ರಿ? ಸಣ್ಣದು ತುಟ್ಟಿ ಬೀಳ್ತದ" ಅಂದ. "ಒಂದ್ ತಾಸು ತಡಿ, ಹೇಳ್ತೀನಿ" ಅಂದೆ. ಆ ಒಂದು ತಾಸಿನಲ್ಲಿ ಹಾಕಿದ ಲೆಕ್ಕವನ್ನೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ. ಹೊರಗಿನಿಂದ ಯಾರಾದರೂ ಬರುವಾಗ ಒಂದು ಒಳ್ಳೆಯ ಪೋರ್ಟ್, ಅಂದರೆ ಪೋರ್ಚುಗಲ್‌ನ ಸಿಹಿಯಾದ ಗಟ್ಟಿ ವೈನ್, ತರಿಸಿಕೊಳ್ಳುವವರು ನಮ್ಮ ಭಾಗದಲ್ಲಿ ಈಗ ಸಾಕಷ್ಟು ಜನರಿದ್ದಾರೆ. ಆದರೆ ಎಷ್ಟು ದೊಡ್ಡ ಬಾಟಲಿ ಅನ್ನುವುದನ್ನು ಬಹಳ ಮಂದಿ ಯೋಚಿಸುವುದಿಲ್ಲ.

ನಾನೂ ಯೋಚಿಸಿರಲಿಲ್ಲ. ಹೋದ ವರ್ಷ ಮೇ ತಿಂಗಳಲ್ಲಿ 750 ಎಂ.ಎಲ್.ನ ಒಂದು ಎಲ್‌ಬಿವಿ (ಲೇಟ್ ಬಾಟಲ್ಡ್ ವಿಂಟೇಜ್) ಜಾತಿಯ ಪೋರ್ಟ್ ತೆಗೆದೆವು. ಮೂರು ಜನ ಗೆಳೆಯರು, ಒಂದೊಂದು ಗ್ಲಾಸು. ಮೊದಲ ಗುಟುಕಿನಲ್ಲೇ ಕಪ್ಪು ನೇರಳೆಹಣ್ಣಿನ ಘಮ, ನಾಲಿಗೆಗೆ ಹತ್ತಿಕೊಳ್ಳುವ ಸಿಹಿ, ಕೊನೆಗೊಂದು ಸಣ್ಣ ಒಗರು. ಎಷ್ಟು ಚೆನ್ನಾಗಿತ್ತೆಂದರೆ ಉಳಿದದ್ದನ್ನು ಮುಂದಿನ ಸಲಕ್ಕೆಂದು ಎತ್ತಿಟ್ಟೆವು. ಫ್ರಿಜ್ಜಿನಲ್ಲಿ ಮಾವಿನಹಣ್ಣು, ಮೊಸರಿನ ಪಾತ್ರೆ, ನೀರಿನ ಬಾಟಲಿ ತುಂಬಿದ್ದವು. ಹಾಗಾಗಿ ಅದನ್ನು ಅಡುಗೆಮನೆಯ ಮೇಲಿನ ಹಲಗೆಯ ಮೇಲೆ ನಿಲ್ಲಿಸಿದೆ. ಹನ್ನೆರಡು ದಿನ ಬಿಟ್ಟು ಮತ್ತೆ ಬಗ್ಗಿಸಿದರೆ ಬಣ್ಣ ಕಂದಿತ್ತು, ಘಮ ಹೋಗಿತ್ತು. ಬಾಯಿಗಿಟ್ಟರೆ ಬೆಲ್ಲ ಹಾಕಿದ ಹುಣಸೆಹಣ್ಣಿನ ನೀರು ಎರಡು ದಿನ ಹೊರಗಿಟ್ಟಂತೆ. ಅರ್ಧಕ್ಕಿಂತ ಹೆಚ್ಚು ಪೋರ್ಟನ್ನು ಬಚ್ಚಲಿಗೆ ಸುರಿದೆ. ಸುರಿಯುವಾಗ ನಿಜಕ್ಕೂ ಹೊಟ್ಟೆ ಉರಿಯಿತು.

ಅವತ್ತು ನನ್ನಲ್ಲಿದ್ದ ತಪ್ಪು ತಿಳಿವಳಿಕೆ ಬಹಳ ಜನರಲ್ಲಿದೆ. ಪೋರ್ಟ್ ಸ್ಟ್ರಾಂಗ್, ಆದ್ದರಿಂದ ಕೆಡುವುದಿಲ್ಲ ಅನ್ನುವುದು. ಸ್ಟ್ರಾಂಗ್ ಹೌದು. ಪೋರ್ಚುಗಲ್‌ನ ಡೌರೊ ಕಣಿವೆಯ ದ್ರಾಕ್ಷಿ ರಸ ಹುದುಗು ಬರುತ್ತಿರುವಾಗಲೇ ನಡುವೆ ತಡೆದು, ಅದಕ್ಕೆ 77% ತೀಕ್ಷ್ಣತೆಯ ದ್ರಾಕ್ಷಿ ಸಾರಾಯಿ ಬೆರೆಸುತ್ತಾರೆ. ಹಳೆಯ ಲೆಕ್ಕದಲ್ಲಿ 435 ಲೀಟರ್ ರಸಕ್ಕೆ 115 ಲೀಟರ್ ಸಾರಾಯಿ, ಒಟ್ಟು 550 ಲೀಟರ್‌ನ ಒಂದು ಪೀಪಾಯಿ. ಯೀಸ್ಟ್ ಸಾಯುತ್ತದೆ, ದ್ರಾಕ್ಷಿಯ ಸಕ್ಕರೆ ಹಾಗೇ ಉಳಿಯುತ್ತದೆ, ಆಲ್ಕೋಹಾಲ್ 19ರಿಂದ 22%ಗೆ ನಿಲ್ಲುತ್ತದೆ. ಸಾದಾ ವೈನ್‌ಗಿಂತ ಇದು ಗಟ್ಟಿ. ಆದರೆ 42.8%ನ ವಿಸ್ಕಿಯಂತೆ ವರ್ಷಗಟ್ಟಲೆ ಕಪಾಟಿನಲ್ಲಿ ನಿಲ್ಲುವಷ್ಟು ಗಟ್ಟಿಯಲ್ಲ. ಬಿರಡೆ ತೆಗೆದ ಗಳಿಗೆಯಿಂದ ಗಾಳಿ ಅದನ್ನು ತಿನ್ನತೊಡಗುತ್ತದೆ. ಎಷ್ಟು ಬೇಗ ತಿನ್ನುತ್ತದೆ ಅನ್ನುವುದು ಯಾವ ಜಾತಿಯ ಪೋರ್ಟ್ ಅನ್ನುವುದರ ಮೇಲೆ ನಿಂತಿದೆ. ಬಾಟಲಿಯ ಅಳತೆ ಆರಿಸಬೇಕಾದದ್ದೂ ಅಲ್ಲಿಂದಲೇ.

ಮೊದಲು ಜಾತಿ ನೋಡಿ, ಆಮೇಲೆ ಅಳತೆ

ಪೋರ್ಟ್‌ನಲ್ಲಿ ಎರಡು ಮನೆತನಗಳಿವೆ ಅಂದುಕೊಳ್ಳಿ. ಒಂದು ಗಾಳಿ ಕಾಣದೆ ಬೆಳೆದದ್ದು, ಇನ್ನೊಂದು ಗಾಳಿಯಲ್ಲೇ ಬೆಳೆದದ್ದು.

ರೂಬಿ, ರಿಸರ್ವ್, ಎಲ್‌ಬಿವಿ, ವಿಂಟೇಜ್ ಇವು ಮೊದಲನೆಯ ಮನೆತನ. ವಿಂಟೇಜ್ ಪೋರ್ಟನ್ನು, ಅಂದರೆ ಒಂದೇ ವರ್ಷದ ಸುಗ್ಗಿಯದನ್ನು, ಸುಗ್ಗಿಯಾದ ಎರಡರಿಂದ ಮೂರು ವರ್ಷಗಳೊಳಗೆ ಬಾಟಲಿಗೆ ತುಂಬುತ್ತಾರೆ. ಎಲ್‌ಬಿವಿಯನ್ನು ನಾಲ್ಕರಿಂದ ಆರು ವರ್ಷಗಳೊಳಗೆ. ಹೆಸರೇ ಹಾಗೆ, ತಡವಾಗಿ ಬಾಟಲಿಗೆ ಹಾಕಿದ ವಿಂಟೇಜ್ ಎಂದು. ಇವುಗಳ ರುಚಿಯೆಲ್ಲ ಹಣ್ಣಿನ ತಾಜಾತನದಲ್ಲಿದೆ, ಗಾಳಿ ಸೋಕಿದರೆ ಮೊದಲು ಹೋಗುವುದೂ ಅದೇ. ಬಿರಡೆ ತೆಗೆದ ಮೇಲೆ ವಿಂಟೇಜ್‌ಗೆ ಒಂದರಿಂದ ಮೂರು ದಿನ, ಎಲ್‌ಬಿವಿಗೆ ನಾಲ್ಕು ದಿನದಿಂದ ಒಂದು ವಾರ, ರೂಬಿ ಮತ್ತು ರಿಸರ್ವ್‌ಗೆ ಹತ್ತು ದಿನದಿಂದ ಎರಡು ವಾರ ಎಂದು ಲೆಕ್ಕ ಇಟ್ಟುಕೊಳ್ಳಿ. ಅದೂ ತಂಪಾದ ಜಾಗದಲ್ಲಿಟ್ಟರೆ.

ಟಾನಿ ಎರಡನೆಯ ಮನೆತನ. ವರ್ಷಗಟ್ಟಲೆ ಮರದ ಪೀಪಾಯಿಯಲ್ಲಿ ಕೂತು ನಿಧಾನವಾಗಿ ಗಾಳಿ ಕುಡಿದು ಕೆಂಪು ಬಣ್ಣ ಕಳೆದುಕೊಂಡು ಕಂದುಬಣ್ಣಕ್ಕೆ ತಿರುಗಿದ್ದು. ಲೇಬಲ್ ಮೇಲೆ ಹೆಚ್ಚಾಗಿ 10, 20, 30, 40 ವರ್ಷ ಎಂದು ಬರೆದಿರುತ್ತದೆ. ಗಾಳಿ ಇದಕ್ಕೆ ಹೊಸದಲ್ಲ. ಬಿರಡೆ ತೆಗೆದ ಮೇಲೂ ಮೂರು ನಾಲ್ಕು ವಾರ ತಾಳುತ್ತದೆ. ಒಣದ್ರಾಕ್ಷಿ, ಹುರಿದ ಬಾದಾಮಿ, ಕಾಯಿಸಿದ ಬೆಲ್ಲದ ಪಾಕ ನೆನಪಿಸುವ ರುಚಿ. ನಮ್ಮ ಶೇಂಗಾ ಹೋಳಿಗೆಯ ಜೊತೆ ಇದನ್ನು ಒಂದು ಸಲ ಕುಡಿದು ನೋಡಿ, ಪೋರ್ಟ್ ನಮ್ಮದಲ್ಲ ಅನ್ನುವ ಮಾತು ಮತ್ತೆ ಬಾಯಿಗೆ ಬರುವುದಿಲ್ಲ.

ಆದ್ದರಿಂದ ನನ್ನ ಮಾತು ಇಷ್ಟು: ಮೊದಲನೆಯ ಮನೆತನದ್ದಾದರೆ ಸಣ್ಣ ಬಾಟಲಿ. ಟಾನಿಯಾದರೆ 500 ಎಂ.ಎಲ್. ಸರಿ, ಆಗಾಗ ಬಂದುಹೋಗುವವರಿದ್ದರೆ 750 ಕೂಡ ನಡೆಯುತ್ತದೆ.

ಗ್ಲಾಸಿನ ಲೆಕ್ಕ

ನಮ್ಮ ವೈನ್ ಶಾಪಿನ ಭಾಷೆಯಲ್ಲಿ 90 ನೈಂಟಿ, 180 ಕ್ವಾರ್ಟರ್, 375 ಹಾಫ್, 750 ಫುಲ್. ಯುರೋಪಿನಲ್ಲಿ ಪೋರ್ಟ್ ಜಾತಿಯ ವೈನ್‌ಗೆ ಕಾನೂನು ಒಪ್ಪಿದ ಅಳತೆಗಳು 100, 200, 375, 500, 750, 1000 ಮತ್ತು 1500 ಎಂ.ಎಲ್. ಹಾಫ್ ಮತ್ತು ಫುಲ್ ಎರಡೂ ಕಡೆ ಒಂದೇ, ಕ್ವಾರ್ಟರ್ ಬದಲು ಅಲ್ಲಿ 200.

ಪೋರ್ಟನ್ನು ಸಾದಾ ವೈನ್‌ನಂತೆ ದೊಡ್ಡ ಗ್ಲಾಸಿನ ತುಂಬ ಹಾಕುವುದಿಲ್ಲ. 75 ಎಂ.ಎಲ್. ಸಾಕು. ಆ ಲೆಕ್ಕದಲ್ಲಿ ಫುಲ್ ಅಂದರೆ ಹತ್ತು ಗ್ಲಾಸು, ಅರ್ಧ ಲೀಟರ್ ಆರೂವರೆ, ಹಾಫ್ ಐದು, 200ರದ್ದು ಮೂರಕ್ಕೆ ಸ್ವಲ್ಪ ಕಡಿಮೆ. ಈಗ ನಿಮ್ಮ ಮನೆಯಲ್ಲಿ ಇದನ್ನು ಕುಡಿಯುವವರು ಎಷ್ಟು ಮಂದಿ ಎಂದು ಎಣಿಸಿ. ನಮ್ಮ ಮನೆಯಲ್ಲಿ ನಾನೊಬ್ಬ, ನನ್ನ ಹೆಂಡತಿ ಹಬ್ಬಕ್ಕೋ ಹುಣ್ಣಿಮೆಗೋ ಅರ್ಧ ಗ್ಲಾಸು. ಅವ್ವನಿಗೆ ಬಾಟಲಿ ಕಣ್ಣಿಗೆ ಬಿದ್ದರೂ ಕಿರಿಕಿರಿ, ಅವರ ಭಾವನೆಯನ್ನು ನಾವು ಗೌರವಿಸುತ್ತೇವೆ. ಕಲಬುರಗಿ, ಬೀದರ್, ಯಾದಗಿರಿಯ ಬಹಳಷ್ಟು ಮನೆಗಳ ಕಥೆ ಹೀಗೆಯೇ. ಹತ್ತು ಗ್ಲಾಸನ್ನು ಒಂದು ವಾರದಲ್ಲಿ ಮುಗಿಸಲು ಇಲ್ಲಿ ಜನವೇ ಇಲ್ಲ. ಇಬ್ಬರು ಗೆಳೆಯರು ಬಂದ ಸಂಜೆಗೆ ಹಾಫ್ ಹೇಳಿ ಮಾಡಿಸಿದಂತಿದೆ. ಮೂವರಿಗೆ ಒಂದೊಂದು ಗ್ಲಾಸು, ಇಬ್ಬರಿಗೆ ಇನ್ನೊಂದು, ಬಾಟಲಿ ಖಾಲಿ.

ಆರೋಗ್ಯದ ಮಾತನ್ನೂ ಇಲ್ಲೇ ಹೇಳಬೇಕು. 20%ನ ಪೋರ್ಟ್ 75 ಎಂ.ಎಲ್. ಕುಡಿದರೆ ಒಳಗೆ ಹೋಗುವುದು 15 ಎಂ.ಎಲ್. ಶುದ್ಧ ಆಲ್ಕೋಹಾಲ್. 30 ಎಂ.ಎಲ್. ವಿಸ್ಕಿಯಲ್ಲಿರುವುದು 13ರ ಹತ್ತಿರ. ಸಿಹಿಯಾಗಿದೆ ಎಂದು ಶರಬತ್ತಿನಂತೆ ಕುಡಿಯುವವರು ಈ ಲೆಕ್ಕ ನೆನಪಿಡಬೇಕು. ಸಕ್ಕರೆಯೂ ಲೀಟರಿಗೆ ಸುಮಾರು 100 ಗ್ರಾಂ ಇರುತ್ತದೆ, ಒಂದು ಗ್ಲಾಸಿಗೆ ಏಳೆಂಟು ಗ್ರಾಂ. ಶುಗರ್ ಇರುವವರು ಡಾಕ್ಟರನ್ನು ಕೇಳದೆ ಮುಟ್ಟಬಾರದು. "ಕೆಟ್ಟು ಹೋಗ್ತದ, ಮುಗಿಸ್ರಿ" ಎಂದು ಒಬ್ಬರಿಗೊಬ್ಬರು ಒತ್ತಾಯ ಮಾಡುವುದು ದೊಡ್ಡ ಬಾಟಲಿ ಎದುರಿಗಿದ್ದಾಗಲೇ. ಗೆಳೆಯರು ಬೈಕಿನಲ್ಲಿ ಮನೆಗೆ ಹೋಗಬೇಕಾದವರು. ಅದನ್ನು ನಾನು ಕಣ್ಣಾರೆ ಕಂಡಿದ್ದೇನೆ, ಹಾಗಾಗಿ ಸಣ್ಣ ಬಾಟಲಿಯ ಪರವಾಗಿ ಈ ಕಾರಣವನ್ನು ನಾನು ಹಗುರವಾಗಿ ಹೇಳುತ್ತಿಲ್ಲ.

ಸಣ್ಣದು ತುಟ್ಟಿ, ನಿಜವೇ?

ಎಂ.ಎಲ್. ಲೆಕ್ಕದಲ್ಲಿ ನಿಜ. ಗಾಜು, ಬಿರಡೆ, ಲೇಬಲ್, ತುಂಬುವ ಕೂಲಿ ಇವೆಲ್ಲ ಹಾಫ್‌ಗೂ ಫುಲ್‌ಗೂ ಹೆಚ್ಚು ಕಡಿಮೆ ಅಷ್ಟೇ ಬೀಳುತ್ತವೆ. ಹಾಗಾಗಿ ಹಾಫ್‌ನ ಬೆಲೆ ಫುಲ್‌ನ ಅರ್ಧಕ್ಕಿಂತ ಹೆಚ್ಚೇ ಇರುತ್ತದೆ. ಒಂದು ಉದಾಹರಣೆ ಹಿಡಿಯೋಣ. ಫುಲ್‌ಗೆ 3000 ರೂಪಾಯಿ, ಹಾಫ್‌ಗೆ 1800 ಅಂದುಕೊಳ್ಳಿ. ಫುಲ್‌ನ ಹತ್ತೂ ಗ್ಲಾಸು ಕುಡಿದರೆ ಗ್ಲಾಸಿಗೆ 300, ಹಾಫ್‌ನಲ್ಲಿ ಗ್ಲಾಸಿಗೆ 360. ಇಲ್ಲಿಗೆ ಫುಲ್ ಗೆದ್ದಿತು. ಆದರೆ ಫುಲ್‌ನಲ್ಲಿ ನಾಲ್ಕು ಗ್ಲಾಸು ಕೆಟ್ಟು ಚೆಲ್ಲಿದರೆ, ಕುಡಿದ ಆರಕ್ಕೆ ಗ್ಲಾಸಿಗೆ 500 ಬಿತ್ತು. ಹತ್ತರಲ್ಲಿ ಒಂಬತ್ತನ್ನಾದರೂ ರುಚಿಯಿದ್ದಾಗಲೇ ಕುಡಿದರೆ ಮಾತ್ರ ಫುಲ್ ಅಗ್ಗ, ಎಂಟಕ್ಕೆ ನಿಂತರೆ ಹಾಫೇ ಅಗ್ಗ. ಹೋದ ವರ್ಷ ನಾವು ಕುಡಿದದ್ದು ಮೂರೇ ಗ್ಲಾಸು. ಆ ಮೂರರ ಬೆಲೆ ಹಾಕಿ ನೋಡುವ ಧೈರ್ಯ ಇಲ್ಲಿಯವರೆಗೂ ಬಂದಿಲ್ಲ.

ಬಿಸಿಲು, ಶಹಾಬಾದ್ ಹಾಸುಗಲ್ಲು, ಫ್ರಿಜ್ಜಿನ ಬಾಗಿಲು

ಪೋರ್ಟ್ ಬಗ್ಗೆ ಹೊರಗಿನವರು ಬರೆದ ಸಲಹೆಗಳಲ್ಲಿ "ಕೋಣೆಯ ಉಷ್ಣತೆಯಲ್ಲಿಡಿ" ಎಂದಿರುತ್ತದೆ. ಅವರ ಕೋಣೆ 18 ಡಿಗ್ರಿ. ನಮ್ಮಲ್ಲಿ ಏಪ್ರಿಲ್ ಮೇ ತಿಂಗಳಲ್ಲಿ ಹೊರಗೆ 42, 43 ಡಿಗ್ರಿ ಸಾಮಾನ್ಯ. ಆರ್‌ಸಿಸಿ ಮನೆಯ ಮಹಡಿಯ ಕೋಣೆ ರಾತ್ರಿ ಹತ್ತಾದರೂ ಆರುವುದಿಲ್ಲ. ಉಷ್ಣತೆ ಹತ್ತು ಡಿಗ್ರಿ ಏರಿದರೆ ವೈನ್ ಕೆಡುವ ವೇಗ ಹೆಚ್ಚು ಕಡಿಮೆ ಇಮ್ಮಡಿ. ಅಂದರೆ ಎಲ್‌ಬಿವಿಗೆ ಅವರು ಹೇಳುವ ಒಂದು ವಾರ ನಮ್ಮ ಬೇಸಿಗೆಯಲ್ಲಿ ಎರಡು ಮೂರು ದಿನಕ್ಕೆ ಇಳಿಯುತ್ತದೆ.

ಡೌರೊ ಕಣಿವೆಯೂ ಬೇಸಿಗೆಯಲ್ಲಿ ನಮ್ಮಂತೆಯೇ ಕಾಯುತ್ತದೆ, 40 ಡಿಗ್ರಿ ದಾಟುತ್ತದೆ. ಅಲ್ಲಿಯ ರೈತರಿಗೆ ಇದು ಹಳೆಯ ಕಾಲದಿಂದ ಗೊತ್ತು. ಸುಗ್ಗಿಯ ಮುಂದಿನ ವಸಂತದಲ್ಲಿ ಪೀಪಾಯಿಗಳನ್ನು ಚಪ್ಪಟೆ ತಳದ ದೋಣಿಗಳಲ್ಲಿ ಹೇರಿ, ನದಿಯಗುಂಟ ಸಮುದ್ರದ ಹತ್ತಿರದ ವಿಲಾ ನೋವಾ ದ ಗಾಯಾ ಊರಿಗೆ ಸಾಗಿಸುತ್ತಿದ್ದರು. ಅಲ್ಲಿ ಸಮುದ್ರದ ತಂಪು ಗಾಳಿ, ದಪ್ಪ ಗೋಡೆಯ ಉಗ್ರಾಣಗಳು. ಕಣಿವೆಯಲ್ಲೇ ಉಳಿದ ವೈನ್‌ಗೆ ಬೆಂದ ರುಚಿ ಬರುತ್ತದೆ ಎಂದು ಅವರಿಗೆ ಒಂದು ಮಾತೇ ಇದೆ. 1756ರಲ್ಲಿ ಪೋರ್ಚುಗಲ್‌ನ ಮಂತ್ರಿ ಮಾರ್ಕ್ವಿಸ್ ಆಫ್ ಪೊಂಬಾಲ್ ಕಾಲದಲ್ಲಿ ಡೌರೊದ ಗಡಿ ಗುರುತಿಸಿದ ಕಾಲಕ್ಕೂ ವೈನ್ ಬೆಳೆದದ್ದು ಒಂದು ಕಡೆ, ಮಾಗಿದ್ದು ಇನ್ನೊಂದು ಕಡೆ. ಬೆಳೆದವರೇ ಬಿಸಿಲಿನಿಂದ ಓಡಿಸಿದ್ದನ್ನು ನಾವು ತಂದು ಕಲಬುರಗಿಯ ಅಡುಗೆಮನೆಯ ಹಲಗೆ ಮೇಲೆ ನಿಲ್ಲಿಸಿದರೆ ಹೇಗೆ?

ಬಿರಡೆ ತೆಗೆಯದ ಬಾಟಲಿಯನ್ನು ಮನೆಯ ಅತಿ ತಂಪಾದ ಮೂಲೆಯಲ್ಲಿಡಿ. ಹಳೆಯ ಮನೆಯಾದರೆ ಒಳಕೋಣೆ, ಕೆಳಗೆ ಶಹಾಬಾದ್ ಕಲ್ಲಿನ ನೆಲ, ಗೋಡೆಗೆ ಹತ್ತಿದ ಕಪಾಟಿನ ತಳದ ಅರೆ. ಮಧ್ಯಾಹ್ನ ಎರಡಕ್ಕೆ ಬರಿಗಾಲಿಟ್ಟಾಗ ಆ ಕಲ್ಲು ಕೊಡುವ ತಂಪನ್ನು ನಮ್ಮವರಿಗೆ ಬಿಡಿಸಿ ಹೇಳಬೇಕಿಲ್ಲ. ಆದರೂ ಮೇ ತಿಂಗಳಿಗೆ ಅದು ಸಾಲದು. ಆಗ ಫ್ರಿಜ್ಜೇ ಗತಿ, ಮತ್ತು ಹಾಫ್ ಬಾಟಲಿ ಗೆಲ್ಲುವುದು ಅಲ್ಲಿಯೇ. ಬಾಗಿಲಿನ ಖಾನೆಯಲ್ಲಿ, ಹಾಲಿನ ಪಾಕೀಟಿನ ಪಕ್ಕದಲ್ಲಿ ಅದು ಸುಮ್ಮನೆ ನಿಂತುಬಿಡುತ್ತದೆ. 750ರದ್ದಕ್ಕೆ ಒಳಗೆ ಒಂದು ಅರೆಯನ್ನೇ ತೆಗೆಯಬೇಕು, ಮಾವಿನ ಕಾಲದಲ್ಲಿ ಮನೆಯವರು ಅದಕ್ಕೆ ಒಪ್ಪುವುದಿಲ್ಲ. ಕುಡಿಯುವ ಇಪ್ಪತ್ತು ನಿಮಿಷ ಮುಂಚೆ ರೂಬಿಯನ್ನು ಹೊರಗೆ ತೆಗೆದಿಡಿ. ಟಾನಿಯನ್ನು ತಂಪಾಗಿಯೇ ಕುಡಿಯಬಹುದು.

ಬೀದರ್ ಕಡೆಯವರಿಗೆ ಒಂದು ಮಾತು. ಮನೆಯಲ್ಲಿ ಬಿದ್ರಿ ಸುರಾಹಿ ಇದ್ದರೆ ಪೋರ್ಟನ್ನು ಅದಕ್ಕೆ ಬಗ್ಗಿಸಿ ಮೇಜಿಗೆ ತರುವ ಆಸೆ ಆಗುತ್ತದೆ, ನೋಡಲು ಅಷ್ಟು ಚಂದ. ಮಾಡಬೇಡಿ. ಬಿದ್ರಿಯ ಲೋಹ ಸತು ಮತ್ತು ತಾಮ್ರದ ಮಿಶ್ರಣ. ವೈನ್‌ನ ಹುಳಿ ಸತುವನ್ನು ಕರಗಿಸುತ್ತದೆ, ಪಾನೀಯವೂ ಕೆಡುತ್ತದೆ, ಸುರಾಹಿಯೂ ಹಾಳಾಗುತ್ತದೆ. ಗಾಜೇ ಇರಲಿ.

ಸಣ್ಣ ಬಾಟಲಿ ಸೋಲುವ ಜಾಗ

ಎಲ್ಲ ಕಡೆ ಸಣ್ಣದೇ ಮೇಲು ಎಂದು ನಾನು ಹೇಳುವುದಿಲ್ಲ. ವರ್ಷಗಟ್ಟಲೆ ಇಟ್ಟು ಮಾಗಿಸುವುದಾದರೆ ದೊಡ್ಡ ಬಾಟಲಿಯೇ ಸರಿ. ಬಿರಡೆಯೂ ಅದರ ಕೆಳಗಿನ ಗಾಳಿಯೂ ಹಾಫ್‌ನಲ್ಲಿ ಫುಲ್‌ನಲ್ಲಿ ಹೆಚ್ಚು ಕಡಿಮೆ ಒಂದೇ, ವೈನ್ ಮಾತ್ರ ಅರ್ಧ. ಹಾಗಾಗಿ ಹಾಫ್‌ನಲ್ಲಿ ವೈನ್ ಬೇಗ ಮುಪ್ಪಾಗುತ್ತದೆ. ಒಳ್ಳೆಯ ವಿಂಟೇಜ್ ಪೋರ್ಟ್ ಇಪ್ಪತ್ತು ಮೂವತ್ತು ವರ್ಷ ಬಾಟಲಿಯಲ್ಲೇ ಮಲಗಿ ಮಾಗುತ್ತದೆ. ಮಗಳು ಹುಟ್ಟಿದ ವರ್ಷದ ವಿಂಟೇಜ್ ತಂದು ಆಕೆಯ ಮದುವೆಗೆ ತೆಗೆಯುವ ಆಸೆ ಕೆಲವರಿಗಿದೆ. ಚಂದದ ಆಸೆ. ಆದರೆ ಅದಕ್ಕೆ ವರ್ಷವಿಡೀ 13 ಡಿಗ್ರಿಯ ಆಸುಪಾಸು ಇರುವ ಕತ್ತಲೆಯ ಜಾಗ ಬೇಕು. ನಮ್ಮ ಊರಿನ ಮನೆಗಳಲ್ಲಿ, ಕರೆಂಟು ಹೋಗಿ ಬರುವಲ್ಲಿ, ಅದು ಆಗದ ಕೆಲಸ. ತಂದ ವರ್ಷವೇ ಕುಡಿಯುವಂಥದ್ದನ್ನೇ ತರಿಸಿ.

ಗಸಿಯ ತಕರಾರೂ ಇದೆ. ವಿಂಟೇಜ್ ಮತ್ತು ಸೋಸದೆ ತುಂಬಿದ ಎಲ್‌ಬಿವಿಯ ತಳದಲ್ಲಿ ಗಸಿ ಕೂರುತ್ತದೆ. ಹಿಂದಿನ ದಿನವೇ ಬಾಟಲಿ ನೆಟ್ಟಗೆ ನಿಲ್ಲಿಸಿ, ಕುತ್ತಿಗೆಯ ಹಿಂದೆ ಮೊಬೈಲ್ ಟಾರ್ಚ್ ಹಿಡಿದು, ನಿಧಾನವಾಗಿ ಗಾಜಿನ ಪಾತ್ರೆಗೆ ಬಗ್ಗಿಸಬೇಕು. ಕಪ್ಪು ಎಳೆ ಕುತ್ತಿಗೆಗೆ ಬಂದ ಕೂಡಲೇ ನಿಲ್ಲಿಸಬೇಕು. ಹೀಗೆ ತಳದಲ್ಲಿ ಬಿಟ್ಟ ಮೂವತ್ತು ನಲವತ್ತು ಎಂ.ಎಲ್. ಫುಲ್‌ನಲ್ಲಿ ಗೊತ್ತಾಗುವುದಿಲ್ಲ, ಹಾಫ್‌ನಲ್ಲಿ ಅರ್ಧ ಗ್ಲಾಸೇ ಹೋದಂತೆ. ಇನ್ನು ಆಯ್ಕೆ. ರಿಸರ್ವ್, ಎಲ್‌ಬಿವಿ, 10 ವರ್ಷದ ಟಾನಿ ಹಾಫ್‌ನಲ್ಲಿ ಸುಲಭವಾಗಿ ಸಿಗುತ್ತವೆ. ಅದರಾಚೆಗಿನ ಹಲವು ಒಳ್ಳೆಯ ಪೋರ್ಟ್‌ಗಳು 750ರಲ್ಲಿ ಮಾತ್ರ.

ಹಾಗೆ 750ರದ್ದೇ ಕೈಗೆ ಬಂದರೆ ಒಂದು ಉಪಾಯವಿದೆ. ಖಾಲಿಯಾದ ಹಾಫ್ ಬಾಟಲಿಯೊಂದನ್ನು ಎಸೆಯದೆ ಬಿಸಿನೀರಲ್ಲಿ ತೊಳೆದು, ಬೋರಲು ಹಾಕಿ ಪೂರ್ತಿ ಒಣಗಿಸಿ ಇಟ್ಟುಕೊಳ್ಳಿ. ಫುಲ್ ತೆಗೆದ ಮೊದಲ ಐದು ನಿಮಿಷದಲ್ಲೇ, ಗ್ಲಾಸಿಗೆ ಹಾಕುವ ಮುಂಚೆ, ಆ ಹಾಫ್ ತುಂಬಿಸಿಬಿಡಿ. ಕುತ್ತಿಗೆಯವರೆಗೆ, ಗಾಳಿಗೆ ಜಾಗವೇ ಇಲ್ಲದಂತೆ. ಬಿರಡೆ ಒತ್ತಿ ಫ್ರಿಜ್ಜಿಗೆ. ಅರ್ಧ ಖಾಲಿಯಾದ ಫುಲ್ ಬಾಟಲಿಯಲ್ಲಿ 375 ಎಂ.ಎಲ್. ಗಾಳಿ ಕೂತಿರುತ್ತದೆ, ಇದರಲ್ಲಿ ಒಂದು ಚಮಚೆಯಷ್ಟೂ ಇಲ್ಲ. ಎಲ್‌ಬಿವಿಯನ್ನು ಹೀಗೆ ಎರಡು ವಾರ ಇಟ್ಟು ನೋಡಿದ್ದೇನೆ, ರುಚಿ ಮುಕ್ಕಾಗಿರಲಿಲ್ಲ. ಸಿರಪ್ಪಿನ, ಎಣ್ಣೆಯ ಬಾಟಲಿ ಮಾತ್ರ ಬೇಡ. ಎಷ್ಟು ತೊಳೆದರೂ ವಾಸನೆ ಬಿಡುವುದಿಲ್ಲ. ಟಾನಿಯ ಬಾಟಲಿಗೆ ಸಾಮಾನ್ಯವಾಗಿ ಪ್ಲಾಸ್ಟಿಕ್ ತಲೆಯ ಬಿರಡೆ ಇರುತ್ತದೆ, ಕೈಯಲ್ಲೇ ತೆಗೆದು ಹಾಕಬಹುದು. ಈ ಕೆಲಸಕ್ಕೆ ಅದೇ ಚಲೋ.

ಇಲ್ಲಿಯ ಅಂಗಡಿಯ "ಪೋರ್ಟ್"

ನಮ್ಮ ವೈನ್ ಶಾಪಿನಲ್ಲಿ ಪೋರ್ಟ್ ಕೇಳಿದರೆ ಸಾಮಾನ್ಯವಾಗಿ ಕೊಡುವುದು ನಮ್ಮ ದೇಶದಲ್ಲೇ ಮಾಡಿದ ಸಿಹಿ ಕೆಂಪು ವೈನ್. ಕುಡಿಯುವವರಿಗೆ ಇಷ್ಟವಾದರೆ ತಪ್ಪೇನಿಲ್ಲ, ಆದರೆ ಅದು ಡೌರೊದ ಪೋರ್ಟ್ ಅಲ್ಲ. ಅಸಲಿ ಬಾಟಲಿಯ ಕುತ್ತಿಗೆಯ ಮೇಲೆ ಪೋರ್ಚುಗಲ್‌ನ ಡೌರೊ ಮತ್ತು ಪೋರ್ಟ್ ವೈನ್ ಸಂಸ್ಥೆಯ ಮುದ್ರೆಯ ಪಟ್ಟಿ ಇರುತ್ತದೆ. ಲೇಬಲ್‌ನಲ್ಲಿ ಆಲ್ಕೋಹಾಲ್ ಎಷ್ಟೆಂದು ನೋಡಿ. 19%ಗಿಂತ ಬಹಳ ಕಡಿಮೆ ಇದ್ದರೆ ಅದು ಸಾದಾ ವೈನ್‌ನಷ್ಟೇ ಬೇಗ ಕೆಡುತ್ತದೆ. ಅದನ್ನಂತೂ ಸಣ್ಣ ಬಾಟಲಿಯಲ್ಲೇ ಕೊಳ್ಳಿ. ಕ್ರಿಸ್‌ಮಸ್ ಕೇಕಿಗೆ ಒಣದ್ರಾಕ್ಷಿ ನೆನೆಹಾಕಲು ಬೇಕಾದರೆ ಒಂದು ಕ್ವಾರ್ಟರ್ ಸಾಕು.

ಎರಡು ಲೀಟರ್‌ನ ಜೋಡಣೆ

ವಿದೇಶದಿಂದ ಬರುವವರಿಗೆ ಸುಂಕವಿಲ್ಲದೆ ತಲೆಗೆ ಎರಡು ಲೀಟರ್ ಮದ್ಯ ತರಲು ಅವಕಾಶವಿದೆ. ಮೂರು ಫುಲ್ ಅಂದರೆ 2.25 ಲೀಟರ್, ಮಿತಿ ದಾಟಿತು. ಎರಡೇ ಫುಲ್ ತಂದರೆ ಅರ್ಧ ಲೀಟರ್‌ನ ಅವಕಾಶ ಸುಮ್ಮನೆ ಹೋಯಿತು. ಸಣ್ಣ ಅಳತೆಗಳಿದ್ದರೆ ಜೋಡಿಸಬಹುದು: ಐದು ಹಾಫ್ 1875, ಎರಡು ಫುಲ್ ಮತ್ತು ಒಂದು ಅರ್ಧ ಲೀಟರ್ ಸರಿಯಾಗಿ 2000. ಹೈದರಾಬಾದಿನಲ್ಲಿ ಇಳಿದು ರಸ್ತೆಯಲ್ಲಿ ಬರುವವರು ಬಿಲ್ಲನ್ನೂ ಬೋರ್ಡಿಂಗ್ ಪಾಸನ್ನೂ ಜೋಪಾನವಾಗಿಡಿ. ವಿಮಾನ ನಿಲ್ದಾಣದ ಕಸ್ಟಮ್ಸ್ ರಿಯಾಯಿತಿ ಬೇರೆ, ರಾಜ್ಯಗಳ ಅಬಕಾರಿ ನಿಯಮ ಬೇರೆ. ಬಾಟಲಿಯೊಂದನ್ನು ಎರಡು ಪ್ಯಾಂಟಿನ ನಡುವೆ ಸುತ್ತಿ ಚೆಕ್ ಇನ್ ಬ್ಯಾಗಿನ ಮಧ್ಯದಲ್ಲಿಡಿ. ಒಂದು ಹಾಫ್ ಒಡೆದರೆ ಒಂದು ಸಂಜೆ ಹೋಯಿತು, ಫುಲ್ ಒಡೆದರೆ ಬಟ್ಟೆಯೆಲ್ಲ ಹೋಯಿತು.

ತಾಸು ಮುಗಿಯುವ ಮುಂಚೆಯೇ ಅಕ್ಕನ ಮಗನಿಗೆ ಫೋನ್ ಮಾಡಿದೆ. "ನಾಲ್ಕು ಹಾಫ್ ತಗೋ, ಎರಡು ಎಲ್‌ಬಿವಿ, ಎರಡು ರಿಸರ್ವ್. ಮ್ಯಾಲ ಒಂದು 500ರದು, 10 ವರ್ಷದ ಟಾನಿ. ಬರೋಬ್ಬರಿ ಎರಡು ಲೀಟರ್ ಆಯ್ತು ನೋಡು."

"ಅಂಗಡ್ಯಾವ ನಗ್ಲಿಕತ್ಯಾನ್ರಿ ಮಾಮಾ" ಅಂದ. "ಇಷ್ಟು ಲೆಕ್ಕ ಹಾಕಿ ಯಾರೂ ಒಯ್ಯಂಗಿಲ್ಲಂತ."

ಟಾನಿಯನ್ನು ದೀಪಾವಳಿಗೆ ತೆಗೆದೆವು. ಹೆಂಡತಿ ಶೇಂಗಾ ಹೋಳಿಗೆ ಮಾಡಿದ್ದಳು. ಇಪ್ಪತ್ತೆರಡು ದಿನಗಳ ಮೇಲೆ ಕೊನೆಯ ಗ್ಲಾಸನ್ನು ಇಬ್ಬರೂ ಹಂಚಿಕೊಂಡೆವು, ಒಣದ್ರಾಕ್ಷಿಯ ಘಮ ಇನ್ನೂ ಇತ್ತು. ಎಲ್‌ಬಿವಿಯ ಒಂದು ಹಾಫ್ ಫ್ರಿಜ್ಜಿನ ಬಾಗಿಲಲ್ಲಿ ನಿಂತಿದೆ, ಇನ್ನೂ ಬಿರಡೆ ತೆಗೆದಿಲ್ಲ.